ಹತ್ತಿ ಕ್ರಾಸಿಂಗ್‌ಗೆ ಚಿಕ್ಕ ಹುಡುಗಿಯರನ್ನು ಕರೆಯಬೇಡಿ ಅಣ್ಣಾ

ಅಣ್ಣಾ, ಕ್ರಾಸಿಂಗ್‌ಗೆ (ಹೈಬ್ರಿಡ್ ಹತ್ತಿ ಬೀಜಕ್ಕಾಗಿ ಕೈಯಿಂದ ಪರಾಗ ಮುಟ್ಟಿಸೋ ಕೆಲಸ) ಆಳು ಸಿಗ್ತಿಲ್ಲ, ಹನ್ನೆರಡು ವರ್ಷದ ಹುಡುಗಿಯರ ಮನೆಗೆ ಮುಂಗಡ ಕೊಟ್ಟಿದ್ದೀನಿ, ಯಾರಾದರೂ ಕೇಳಿದರೆ ನಮ್ಮ ಮನೆ ಮಕ್ಕಳೇ ಅಂತೀನಿ ಎಂದು ಬರೆದಿದ್ದೀರಿ. ದಯವಿಟ್ಟು ಬೇಡ.

ಬಾಲ ಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಆದ ಮೇಲೆ 14 ತುಂಬದ ಮಕ್ಕಳನ್ನು ಹೊಲದ ಕೂಲಿಗೂ ಇಟ್ಟುಕೊಳ್ಳುವಂತಿಲ್ಲ. 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ದಂಡ, ಎರಡೂ ಆಗಬಹುದು. ಪೊಲೀಸರಿಗೆ ವಾರಂಟ್ ಬೇಕಿಲ್ಲ. ಮನೆ ಮಕ್ಕಳ ವಿನಾಯಿತಿ ಇರೋದು ನಿಜ. ಆದರೆ ಅದು ಸ್ವಂತ ಅಪ್ಪ-ಅಮ್ಮ, ಒಡಹುಟ್ಟಿದವರು, ಚಿಕ್ಕಪ್ಪ-ಅತ್ತೆ, ಮಾವ-ಚಿಕ್ಕಮ್ಮಂದಿರ ಮಟ್ಟಿಗೆ. ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. 2017ರ ನಿಯಮದ ಪ್ರಕಾರ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಅದೂ ಇಲ್ಲ. ನಮ್ಮ ಕೆಲಸ ಯಾವಾಗ? ಮಧ್ಯಾಹ್ನ ಮೊಗ್ಗು ಬಿಡಿಸೋದು (ಹೆಣ್ಣು ಗಿಡದ ಮೊಗ್ಗಿನಿಂದ ಪರಾಗಕೋಶ ತೆಗೆಯೋದು), ಮರುದಿನ ಬೆಳಿಗ್ಗೆ ಗಂಡು ಹೂ ಮುಟ್ಟಿಸೋದು. ಎರಡೂ ಶಾಲೆ ಹೊತ್ತೇ ಅಲ್ವಾ?

ನನ್ನನ್ನು ಕೇಳಿದರೆ ಈ ವಿನಾಯಿತಿಯನ್ನೇ ತೆಗೆದುಹಾಕಬೇಕು. ಬೀಜದ ಪ್ಲಾಟ್‌ನಲ್ಲಿ ನಿಂತ ಹುಡುಗಿ ತಮ್ಮನ ಮಗಳೋ ಕೂಲಿಯವಳೋ ಅಂತ ತಪಾಸಣೆಗೆ ಬಂದವರು ಹೇಗೆ ಹೇಳುತ್ತಾರೆ? ಕಾನೂನು ಬಿಗಿ ಮಾಡೋ ಮಸೂದೆ ಯಾವಾಗ ಬಂದರೂ ಮೊದಲು ಮುಚ್ಚಬೇಕಾದ ಕಂಡಿ ಇದು. ಮುಂಗಡದ ವಿಷಯ ಇನ್ನೂ ಗಂಭೀರ. ಸಾಲಕ್ಕೆ ಬದಲಾಗಿ ಮಗುವನ್ನು ದುಡಿಸಿಕೊಂಡರೆ ಬಾಲನ್ಯಾಯ ಕಾಯ್ದೆಯ 79ನೇ ಕಲಂ ಬೀಳುತ್ತದೆ. ಅಲ್ಲಿ 18ರವರೆಗೂ ಮಗುವೇ. 5 ವರ್ಷದವರೆಗೆ ಜೈಲು, 1 ಲಕ್ಷ ದಂಡ.

ಸಣ್ಣ ಕೈಗೆ ನಾಜೂಕು ಜಾಸ್ತಿ ಅನ್ನೋದು ಸುಳ್ಳು. ಮಕ್ಕಳು ಬೇಗ ದಣಿಯುತ್ತಾರೆ, ಪರಾಗಕೋಶದ ಚೂರು ಮೊಗ್ಗಲ್ಲೇ ಉಳಿಯುತ್ತದೆ. ಸೆಲ್ಫ್ ಆದ (ತನ್ನದೇ ಪರಾಗದಿಂದ ಕಟ್ಟಿದ) ಬೀಜ ಸೇರಿ ಜಿಒಟಿಯಲ್ಲಿ (ಬೀಜ ಬೆಳೆಸಿ ಶುದ್ಧತೆ ನೋಡೋ ಪರೀಕ್ಷೆ) ಇಡೀ ಲಾಟ್ ಹೋಗುತ್ತದೆ. ನಮಗೆ ಸರಿ ಬಂದದ್ದು ಅನುಭವ ಇರೋ ಹೆಂಗಸರ ಗುಂಪು. ಪ್ಲಾಟ್ ಚಿಕ್ಕದು ಮಾಡಿ, ಹೆಣ್ಣು ಸಾಲನ್ನು (ಬೀಜ ಕಟ್ಟೋ ಗಿಡಗಳ ಸಾಲು) ಎರಡು ಕಂತಿನಲ್ಲಿ ಬಿತ್ತಿ. ಹೂವು ಒಮ್ಮೆಲೇ ಬರಲ್ಲ, ಕಡಿಮೆ ಜನ ಸಾಕು. ಗಂಡು ಸಾಲನ್ನೂ ಅದಕ್ಕೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಪರಾಗವೇ ಸಿಗಲ್ಲ. ಆರ್ಗನೈಸರ್ (ಬೀಜ ಕಂಪನಿಯ ಮಧ್ಯವರ್ತಿ) ಹತ್ತಿರ ಗಂಡು ಬಂಜೆ ತಳಿ (ತನ್ನ ಹೂವಲ್ಲಿ ಫಲ ಕೊಡೋ ಪರಾಗ ಇಲ್ಲದ್ದು) ಇದೆಯಾ ಕೇಳಿ, ಮೊಗ್ಗು ಬಿಡಿಸೋ ಕೆಲಸವೇ ಇರಲ್ಲ.

ಕರಾರಿನಲ್ಲಿ ‘ಬಾಲ ಕಾರ್ಮಿಕರು ಬೇಡ’ ಅಂತ ಬರೆದು, ದೊಡ್ಡವರ ಕೂಲಿಗೆ ಸಾಲುವಷ್ಟು ದರ ಕೊಡದ ಕಂಪನಿಗೆ ಪ್ಲಾಟೇ ಹಾಕಬೇಡಿ. ಮಕ್ಕಳು ಹೊಲಕ್ಕೆ ಬರೋದು ಆ ದರದಿಂದಲೇ.

ಈಗ ಆ ಹುಡುಗಿಯರನ್ನು ಶಾಲೆಗೆ ಕಳಿಸಿ. ಮುಂಗಡದ ಲೆಕ್ಕ ಅವರ ಮೇಲೆ ಹಾಕಬೇಡಿ. ಅಕ್ಕಪಕ್ಕದ ಪ್ಲಾಟಲ್ಲಿ ಮಕ್ಕಳು ಕಂಡವರು ಸುಮ್ನೆ ಇರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.