‘ಹೇಳಿದ್ರೆ ಯೇಸಪ್ಪ ಅಳ್ತಾರೆ’

ಇದನ್ನು ಬರೆಯಲು ಮಗುವಿನ ಅಪ್ಪ ಅಮ್ಮ ಇಬ್ಬರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ಕೆಲಸ, ವಯಸ್ಸು, ಇರುವ ಜಾಗ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದ್ದೇನೆ. ಹುಡುಗಿಯನ್ನು ಪುಟ್ಟಿ ಅಂತ ಕರೆಯುತ್ತೇನೆ. ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ, ಇಂಥ ಮನೆಯವರು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ. ಒಳ್ಳೆಯ ಜನ, ದೇವರಿಗೆ ಹೆದರಿ ನಡೆಯುವ ಜನ. ಮಕ್ಕಳು ಲೋಕದ ಪಾಲಾಗಬಾರದು ಅಂತ ರಾತ್ರಿ ಮೊಣಕಾಲೂರಿ ಬೇಡಿಕೊಳ್ಳುವವರು. ಆದರೆ ಪಕ್ಕದಲ್ಲೇ ಮಲಗಿರುವ ಮಗು ಅವರಿಂದ ದೂರ ಸರಿಯುತ್ತಿರುವುದು ಅವರಿಗೆ ಗೊತ್ತಾಗುವುದಿಲ್ಲ. ನನಗೆ ಸಂಕಟ ಆಗುವುದು ಅಲ್ಲೇ.

ಬೆಂಗಳೂರಿನ ಅಂಚಿನ ಒಂದು ಬಡಾವಣೆ. ಕೆಳಗೆ ಮನೆ ಓನರ್, ಮೇಲೆ ಬಾಡಿಗೆಗೆ ಇವರು. ಅಮ್ಮ ನರ್ಸ್, ಅಪ್ಪ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಪುಟ್ಟಿಗೆ ಏಳು ವರ್ಷ, ತಮ್ಮನಿಗೆ ಮೂರು. ಮನೆಯಲ್ಲಿ ಟಿ.ವಿ. ಇಲ್ಲ. ಮೊಬೈಲ್ ಮಕ್ಕಳ ಕೈಗೆ ಸಿಗುವುದಿಲ್ಲ. ಸಿನಿಮಾ ಹಾಡು ಕೂಡದು, ಸ್ಕೂಲ್ ಡೇ ಡ್ಯಾನ್ಸ್ ಕೂಡದು, ಹಬ್ಬದ ದಿನ ಅಕ್ಕಪಕ್ಕದವರು ಕೊಟ್ಟದ್ದನ್ನು ತಿನ್ನಕೂಡದು. ‘ಇದು ಲೋಕದ್ದು’, ಅಂದರೆ ದೇವರ ದಾರಿಗೆ ಸೇರದ್ದು, ಅನ್ನುವ ಮಾತು ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ಅದರ ಜೊತೆಗೆ ಇನ್ನೊಂದು ಮಾತು: ‘ಹಾಗೆ ಮಾಡಿದ್ರೆ ಯೇಸಪ್ಪ ಅಳ್ತಾರೆ.’

ಸಂಕ್ರಾಂತಿ ಕಳೆದು ವಾರ ಆಗಿತ್ತು. ಪುಟ್ಟಿಯ ಶಾಲೆ ಬ್ಯಾಗಿಗೆ ಇರುವೆ ಹತ್ತಿತು. ಅಮ್ಮ ಬ್ಯಾಗನ್ನು ಕೊಡವಿ, ಪೆನ್ಸಿಲ್ ಡಬ್ಬಿ ತೆಗೆದು ನೋಡಿದರೆ ಒಳಗೆ ರಬ್ಬರಿನ ಪಕ್ಕ ಒಂದು ಸಕ್ಕರೆ ಅಚ್ಚು. ಗಿಳಿಯ ಆಕಾರದ್ದು. ಕೊಕ್ಕು ಇರಬೇಕಾದ ಕಡೆ ನೆಕ್ಕಿ ನೆಕ್ಕಿ ನುಣ್ಣಗಾಗಿತ್ತು. ಯಾರು ಕೊಟ್ಟರು ಅಂತ ಕೇಳಿದರೆ ‘ಟೀಚರ್’ ಅಂದಳು. ಟೀಚರನ್ನು ಕೇಳಿದರೆ ಇಲ್ಲ. ಕೊಟ್ಟಿದ್ದು ಕೆಳಗಿನ ಮನೆಯ ಅಜ್ಜಿ, ಎಳ್ಳು ಬೀರುವಾಗ. ಮಗಳು ಸುಳ್ಳು ಹೇಳಿದ್ದು ಅದೇ ಮೊದಲು ಅಂತ ಅಮ್ಮ ನನ್ನ ಮುಂದೆ ಅತ್ತರು.

ಇದಕ್ಕೆ ಇನ್ನೊಂದು ಸೇರಿಕೊಂಡಿತ್ತು. ಪುಟ್ಟಿ ರಾತ್ರಿ ಕಿರುಚಿಕೊಂಡು ಏಳುತ್ತಿದ್ದಳು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. ವಿಗ್ರಹಕ್ಕೆ ಇಟ್ಟದ್ದನ್ನು ತಿಂದಿದ್ದಾಳೆ, ಅದರಿಂದಲೇ ಹೀಗೆ ಅಂತ ಅಪ್ಪ ತೀರ್ಮಾನಿಸಿದ್ದರು. ಮೂರು ದಿನ ಉಪವಾಸ ಪ್ರಾರ್ಥನೆ ಆಯಿತು. ಕಡಿಮೆ ಆಗಲಿಲ್ಲ. ಅವರ ಪಾಸ್ಟರ್ ತಿಳಿದವರು, ‘ಪ್ರಾರ್ಥನೆ ಬಿಡಬೇಡಿ, ಆದರೆ ಒಂದು ಸಲ ಅಕ್ಕನ ಹತ್ತಿರ ಮಗುವನ್ನು ಕರಕೊಂಡು ಹೋಗಿ’ ಅಂತ ಕಳಿಸಿದರು. ನಾನು ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿದೆ. ಮೂತ್ರದ ಸೋಂಕು ಇದ್ದರೂ ಹಾಸಿಗೆ ಒದ್ದೆ ಆಗುತ್ತದೆ, ಅಲ್ವಾ. ಪರೀಕ್ಷೆಯಲ್ಲಿ ಏನೂ ಇರಲಿಲ್ಲ.

ಮೊದಲ ಎರಡು ಭೇಟಿಯಲ್ಲಿ ಪುಟ್ಟಿ ಹೆಚ್ಚು ಮಾತಾಡಲಿಲ್ಲ. ಕೇಳಿದ್ದಕ್ಕೆಲ್ಲ ಸಂಡೇ ಸ್ಕೂಲಿನಲ್ಲಿ ಉತ್ತರ ಹೇಳುವ ಹಾಗೆ ಕೈ ಕಟ್ಟಿ ಹೇಳಿದಳು. ಮೂರನೆಯ ಸಲ ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ, ನಾವಿಬ್ಬರೂ ಚಾಪೆ ಮೇಲೆ ಕುಳಿತೆವು. ನನ್ನ ಹತ್ತಿರ ಒಂದು ಹಳೇ ತಗಡಿನ ಡಬ್ಬ ಇದೆ, ತುಂಬ ಗುಂಡಿಗಳು. ಅಂಗಿಯದು, ಸ್ವೆಟರಿನದು, ಕೋಟಿನದು. ಒಂದು ಸೂಜಿ ದಾರ ಕೊಟ್ಟೆ. ಅವಳು ಪೋಣಿಸುತ್ತಾ ಕುಳಿತಳು. ಕೈಗೆ ಕೆಲಸ ಇದ್ದಾಗ ಮಕ್ಕಳ ನಾಲಿಗೆ ಸಡಿಲ ಆಗುತ್ತದೆ.

ಗಿಳಿ ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ. ಅದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ‘ಗಿಳಿ ತುಂಬ ಸಿಹಿ ಇತ್ತಾ?’ ಅಂದೆ.

ಬಾಗಿಲ ಕಡೆ ನೋಡಿದಳು. ‘ಕೊಕ್ಕು ಮಾತ್ರ ನೆಕ್ಕಿದ್ದು ಆಂಟಿ. ದಿನಕ್ಕೆ ಒಂದೇ ಸಲ.’

‘ಅಮ್ಮಂಗೆ ಹೇಳ್ಬೇಕು ಅನ್ನಿಸ್ಲಿಲ್ವಾ?’

‘ಅಮ್ಮಂಗೆ ಹೇಳಿದ್ರೆ ಅಮ್ಮ ಅಳ್ತಾಳೆ.’

‘ಯೇಸಪ್ಪಂಗೆ?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡಳು. ‘ಹೇಳಿದ್ರೆ ಯೇಸಪ್ಪನೂ ಅಳ್ತಾರೆ. ಅದಕ್ಕೆ ರಾತ್ರಿ ಪ್ರಾರ್ಥನೆ ಮಾಡುವಾಗ ನಾನು ಸುಮ್ನೆ ಬಾಯಿ ಆಡಿಸ್ತೀನಿ. ಒಳಗೆ ಏನೂ ಹೇಳಲ್ಲ.’

ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಆದರೂ ಆ ಮಾತಿಗೆ ನನ್ನ ಕೈ ನಿಂತುಹೋಯಿತು. ಏಳು ವರ್ಷದ ಮಗು ದೇವರನ್ನು ಅಳಿಸಬಾರದು ಅಂತ ದೇವರ ಹತ್ತಿರ ಮಾತು ಬಿಟ್ಟಿತ್ತು. ಮನೆಯವರಿಗೆ ಇದು ಗೊತ್ತೇ ಇಲ್ಲ. ದಿನಾ ರಾತ್ರಿ ಎಂಟೂವರೆಗೆ ಎಲ್ಲರೂ ಸೇರಿ ಪ್ರಾರ್ಥನೆ ಮಾಡುತ್ತಾರೆ. ಪುಟ್ಟಿ ಕಣ್ಣು ಮುಚ್ಚಿ ಕೈ ಜೋಡಿಸುತ್ತಾಳೆ. ನೋಡುವವರಿಗೆ ಎಲ್ಲವೂ ಸರಿಯಾಗೇ ಇದೆ.

‘ಹೇಳಿದ್ರೆ ಅಳ್ತಾರೆ ಅನ್ನೋದು ಇನ್ನೂ ಏನಾದ್ರೂ ಇದೆಯಾ ಪುಟ್ಟಿ?’ ಅಂತ ಕೇಳಿದೆ. ಅವಳು ಐದಾರು ಗುಂಡಿ ಪೋಣಿಸಿದಳು. ನಾನೂ ಪೋಣಿಸಿದೆ. ಆಮೇಲೆ ಶುರು ಮಾಡಿದಳು. ಶಾಲೆಯ ವ್ಯಾನಿನಲ್ಲಿ ಒಬ್ಬ ದೊಡ್ಡ ಅಣ್ಣ ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದ. ದೆವ್ವದ್ದು. ಒಬ್ಬರ ಮುಖ ಸುಲಿದುಕೊಂಡು ಬರುವುದು. ಚಿಕ್ಕ ಮಕ್ಕಳು ಹೆದರಿದರೆ ಅವನಿಗೆ ನಗು. ‘ನಾನು ಕಣ್ಣು ಮುಚ್ಚಿದೆ ಆಂಟಿ. ಆದ್ರೆ ಮುಚ್ಚೋಕೆ ಮುಂಚೆನೇ ನೋಡ್ಬಿಟ್ಟಿದ್ದೆ. ಮೊಬೈಲ್ ನೋಡೋದು ಪಾಪ ಅಲ್ವಾ?’

ಇದನ್ನು ಅಪ್ಪ ಅಮ್ಮನಿಗೆ ನಾನು ಹೇಳಲಾ ಅಂತ ಅವಳನ್ನೇ ಕೇಳಿದೆ. ‘ನೀವೇ ಹೇಳಿ. ನಾನು ಹೊರಗಿರ್ತೀನಿ’ ಅಂದಳು.

ಅವರನ್ನು ಒಳಗೆ ಕರೆದು ಮೊದಲು ಒಂದೇ ಪ್ರಶ್ನೆ ಕೇಳಿದೆ. ರಾತ್ರಿ ಕಿರುಚುವುದು ಸರಿಯಾಗಿ ಯಾವಾಗ ಶುರುವಾಯಿತು? ಅಮ್ಮ ನೈಟ್ ಡ್ಯೂಟಿ ಲೆಕ್ಕ ಹಾಕಿದರು. ‘ಕ್ಯಾರಲ್ಸ್‌ಗೆ ಮನೆ ಮನೆಗೆ ಹೋಗ್ತಿದ್ವಲ್ಲ, ಆಗ್ಲೇ ಒಂದು ರಾತ್ರಿ...’ ಅಂದು ನಿಲ್ಲಿಸಿಬಿಟ್ಟರು. ಅಂದರೆ ಕ್ರಿಸ್‌ಮಸ್ಸಿಗೂ ಮೊದಲು. ಆಗ ಆ ಗಿಳಿಯನ್ನು ಅಜ್ಜಿ ಇನ್ನೂ ಅಚ್ಚಿಗೇ ಹೊಯ್ದಿರಲಿಲ್ಲ. ವ್ಯಾನಿನ ವಿಷಯ ಆಮೇಲೆ ಹೇಳಿದೆ.

ಅಪ್ಪ ತಕ್ಷಣ, ‘ನೋಡಿದ್ರಾ ಮೇಡಂ, ಲೋಕ ಎಲ್ಲಿಂದೆಲ್ಲ ಬರುತ್ತೆ! ನಾಳೆಯಿಂದ ವ್ಯಾನ್ ಬಿಡಿಸ್ತೀನಿ’ ಅಂದರು. ಆ ಸಿಟ್ಟು ನ್ಯಾಯವಾದದ್ದೇ. ವ್ಯಾನಿನ ಡ್ರೈವರಿಗೂ ಶಾಲೆಗೂ ಹೇಳಲೇಬೇಕು, ಅವರು ಹೇಳಿದರು ಕೂಡ. ಆದರೆ ನಾನು ಅವರಿಗೆ ಅಂದದ್ದು ಇಷ್ಟು. ಟಿ.ವಿ. ಇಲ್ಲದ, ಮೊಬೈಲ್ ಕೊಡದ ಮನೆಯ ಮಗುವಿಗೂ ಅದು ಕಂಡುಬಿಟ್ಟಿತು. ಇನ್ನು ಮುಂದೆಯೂ ಏನೋ ಒಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಿದ್ದ ದಿನ ಅವಳು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ. ಅವಳು ಬರಲಿಲ್ಲ. ಎರಡೂವರೆ ತಿಂಗಳು ಒಬ್ಬಳೇ ಹೊತ್ತುಕೊಂಡಳು.

ಅಮ್ಮ ಏನೂ ಹೇಳಲಿಲ್ಲ. ಕೊನೆಗೆ, ‘ನಾನು ಪಕ್ಕದಲ್ಲೇ ಮಲಗ್ತೀನಿ ಮೇಡಂ’ ಅಂದರು.

ನನ್ನ ನಿದ್ದೆ ಕೆಡಿಸಿದ್ದು ಬೇರೆ ಯೋಚನೆ. ಈ ಸಲ ಅದು ದೆವ್ವದ ವಿಡಿಯೋ. ಯಾರಾದರೂ ಅವಳನ್ನು ಮುಟ್ಟಬಾರದ ಕಡೆ ಮುಟ್ಟಿದ್ದರೆ? ಆಗಲೂ ಇದೇ ಮೌನ ಇರುತ್ತಿತ್ತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರಿಂದ ಪೋಕ್ಸೊ ಕಾನೂನು ಇದೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇದೆ. ಆದರೆ ಇವೆಲ್ಲ ಕೆಲಸ ಶುರು ಮಾಡುವುದು ಮಗು ಬಾಯಿ ಬಿಟ್ಟ ಮೇಲೆ ತಾನೇ? ಮೈಯ ವಿಷಯ ಮನೆಯಲ್ಲಿ ಮಾತಾಡಿದ್ದೀರಾ ಅಂತ ಕೇಳಿದೆ. ಅದು ಕೆಟ್ಟ ಮಾತು, ಲೋಕದ ಮಾತು ಅಂತ ಆಡಿಯೇ ಇರಲಿಲ್ಲ. ಆಸ್ಪತ್ರೆಯಲ್ಲಿ ದಿನಾ ಮೈಯ ಪ್ರತಿ ಭಾಗದ ಹೆಸರು ಹೇಳುವ ತಾಯಿ, ಮಗಳಿಗೆ ಒಂದರ ಹೆಸರೂ ಕಲಿಸಿರಲಿಲ್ಲ. ದೇವರೇ ಕೊಟ್ಟ ಮೈ ಅಲ್ವಾ ಅದು! ಆ ವಾರವೇ ಕುಳಿತು ಹೇಳಿಕೊಡಿ ಅಂದೆ.

ಟಿ.ವಿ. ತನ್ನಿ, ಮೊಬೈಲ್ ಕೊಡಿ ಅಂತ ನಾನು ಹೇಳಲಿಲ್ಲ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಕೆಲವರು ಹಾಗೆ ತಿಳಿದುಕೊಂಡಿದ್ದಾರೆ, ಅದಕ್ಕೇ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಮೊಬೈಲಿನ ವಿಷಯದಲ್ಲಿ ನಾನು ಆ ಅಪ್ಪನ ಕಡೆಯೇ. ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಸಲಹೆಯಲ್ಲೂ, ಮನೆಯವರ ಜೊತೆ ವಿಡಿಯೋ ಕಾಲ್ ಬಿಟ್ಟರೆ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಐದು ವರ್ಷದ ತನಕ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತಿದೆ. ಪುಟ್ಟಿಯ ತಮ್ಮನಿಗೆ ಮೊಬೈಲ್ ತೋರಿಸದೆ ಊಟ ಮಾಡಿಸುವ ಅಮ್ಮನನ್ನು ನಾನು ಮೆಚ್ಚುತ್ತೇನೆ.

ಬಿಡಲು ಹೇಳಿದ್ದು ಒಂದೇ ಒಂದು ಮಾತನ್ನು. ‘ಯೇಸಪ್ಪ ಅಳ್ತಾರೆ’ ಅನ್ನುವುದನ್ನು. ಸುವಾರ್ತೆಗಳಲ್ಲಿ ಯೇಸು ಅತ್ತದ್ದು ಗೆಳೆಯ ಲಾಜರನ ಸಮಾಧಿಯ ಹತ್ತಿರ, ಯೆರೂಸಲೇಮ್ ಪಟ್ಟಣವನ್ನು ನೋಡಿ. ಮಗು ಸಕ್ಕರೆ ನೆಕ್ಕಿತು ಅಂತ ಅತ್ತದ್ದು ಎಲ್ಲೂ ಇಲ್ಲ. ಮಕ್ಕಳ ವಿಷಯದಲ್ಲಿ ಆತ ಸಿಟ್ಟಾದದ್ದು ಇದೆ, ಮಾರ್ಕನು ಬರೆದಿದ್ದಾನೆ. ಆ ಸಿಟ್ಟು ಮಕ್ಕಳ ಮೇಲಲ್ಲ, ಮಕ್ಕಳು ತನ್ನ ಹತ್ತಿರ ಬರದಂತೆ ತಡೆದ ದೊಡ್ಡವರ ಮೇಲೆ. ಇದನ್ನು ಹೇಳಿದಾಗ ಅಪ್ಪ ತಲೆ ತಗ್ಗಿಸಿದರು. ನೋಯಿಸಬೇಕು ಅಂತ ಹೇಳಿದ್ದಲ್ಲ. ಆದರೆ ಹೇಳದೆ ಇದ್ದರೆ ತಪ್ಪಾಗುತ್ತಿತ್ತು.

ಅದರ ಬದಲು ಅಮ್ಮನಿಗೆ ಒಂದು ಮಾತು ಕೊಟ್ಟೆ. ‘ಆಮೇಲೆ?’ ಮಗಳು ಏನೇ ಹೇಳಲಿ, ಎದೆ ಝಲ್ಲೆನ್ನಲಿ, ಮೊದಲು ಬಾಯಿಂದ ಬರಬೇಕಾದದ್ದು ಆ ಒಂದೇ ಮಾತು. ಬುದ್ಧಿ ಹೇಳುವುದು ಮಾರನೆಯ ದಿನ. ತಾನೇ ಬಂದು ಹೇಳಿದ್ದಕ್ಕೆ ಬೈಗುಳ ಇಲ್ಲ, ಕಣ್ಣೀರೂ ಇಲ್ಲ. ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ದೇವರ ವಿಷಯ ಮಾತಾಡಿ ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆ. ಮಾತಾಡುವುದು ಅಂದರೆ ಕೇಳಿಸಿಕೊಳ್ಳುವುದೂ ಸೇರಿತು.

ಅಜ್ಜಿಯ ಎಳ್ಳು ಬೆಲ್ಲದ ಬಗ್ಗೆ ಜಾಸ್ತಿ ಚರ್ಚೆ ಆಯಿತು. ‘ರಾಜಿ ಮಾಡ್ಕೊಳ್ಳಿ ಅಂತೀರಾ?’ ಅಂತ ಅಪ್ಪ ನೇರವಾಗಿ ಕೇಳಿದರು. ಇಲ್ಲ ಅಂದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದದ್ದನ್ನು ಇಬ್ಬರೂ ಓದಿದೆವು. ಊಟಕ್ಕೆ ಕರೆದರೆ ಬಡಿಸಿದ್ದನ್ನು ಏನೂ ಕೇಳದೆ ತಿನ್ನಿ, ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದರೂ ತಿಳಿಸಿದರೆ ತಿನ್ನಬೇಡಿ. ‘ಅದು ದೇವರ ಮುಂದೆ ಇಟ್ಟದ್ದಾ ಅಂತ ಅಜ್ಜಿಯನ್ನು ಕೇಳಿದ್ದೀರಾ?’ ಅಂದೆ. ಕೇಳಿರಲಿಲ್ಲ. ನಾಲ್ಕು ವರ್ಷದಿಂದ ಅದೇ ಮನೆಯಲ್ಲಿದ್ದಾರೆ! ಬೇಡ ಅನ್ನಬೇಕಿದ್ದರೆ ದೊಡ್ಡವರು ಇಳಿದು ಹೋಗಿ, ಕೈ ಮುಗಿದು ಹೇಳಬೇಕು. ಮೆಟ್ಟಿಲ ಮೇಲೆ ತಟ್ಟೆ ಹಿಡಿದು ನಿಂತ ಅಜ್ಜಿಗೆ ಏಳು ವರ್ಷದ ಮಗು ಒಬ್ಬಳೇ ಏನಂತ ಉತ್ತರ ಕೊಡಬೇಕು? ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲನು ರಾಜನ ಊಟ ಬೇಡ ಅಂದ. ಆದರೆ ಮೇಲ್ವಿಚಾರಕನನ್ನು ಮರ್ಯಾದೆಯಿಂದ ಬೇಡಿಕೊಂಡ, ಹತ್ತು ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಅಂದ. ಆ ನಾಡಿನ ಭಾಷೆಯನ್ನೂ ವಿದ್ಯೆಯನ್ನೂ ಕಲಿತ.

ಅಮ್ಮ ಹೋಗಿ ಕೇಳಿದರು. ‘ಪೂಜೆಗಿಡೋದು ಬೇರೆ, ಮಕ್ಕಳಿಗೆ ಬೀರೋದು ಬೇರೆ ತೆಗೆದಿಡ್ತೀನಮ್ಮ. ಕೇಳಿದ್ರೆ ಹೇಳ್ತಿದ್ದೆನಲ್ಲ’ ಅಂದರಂತೆ ಅಜ್ಜಿ. ಅಪ್ಪನಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಇರಲಿ. ಅದು ಅವರ ಮನಸ್ಸಾಕ್ಷಿಯ ವಿಷಯ, ನಾನು ಒತ್ತಾಯ ಮಾಡುವುದಿಲ್ಲ.

ಸಭೆಯ ಹಿರಿಯಕ್ಕ ಒಬ್ಬರು, ‘ನೀನು ಬೇಲಿ ಕಿತ್ತುಹಾಕ್ತಿದ್ದೀಯ’ ಅಂತ ನನ್ನನ್ನು ಬೈದರು. ಅವರಿಗೆ ಬೈಬಲಿನಲ್ಲಿ ಬರುವ ಸಿರಿಯಾದ ಸೇನಾಪತಿ ನಾಮಾನನ ಮನೆಯ ಆ ಹುಡುಗಿಯನ್ನು ನೆನಪಿಸಿದೆ. ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಚಿಕ್ಕ ಹುಡುಗಿ. ಅವಳ ಹೆಸರು ಕೂಡ ಬೈಬಲಿನಲ್ಲಿಲ್ಲ. ಸುತ್ತ ಒಬ್ಬರೂ ಅವಳ ದೇವರವರಲ್ಲ. ಆದರೂ ಯಜಮಾನನಿಗೆ ಕುಷ್ಠ ಬಂದಾಗ, ನಮ್ಮ ಪ್ರವಾದಿಯ ಹತ್ತಿರ ಹೋದರೆ ವಾಸಿ ಆಗುತ್ತದೆ ಅಂತ ಒಡತಿಗೆ ಬಾಯಿ ಬಿಟ್ಟು ಹೇಳಿದಳು. ದೊಡ್ಡವರ ಮುಂದೆ ಮಾತಾಡಲು ಹೆದರದ ಮಗು ಅದು. ನಮ್ಮ ಮಕ್ಕಳು ನಮ್ಮ ಮುಂದೆಯೇ ಹೆದರಿದರೆ ಹೇಗೆ? ಯೇಸು ಕೂಡ ತನ್ನವರನ್ನು ಲೋಕದಿಂದ ತೆಗೆದುಬಿಡು ಅಂತ ತಂದೆಯನ್ನು ಕೇಳಲಿಲ್ಲ, ಕೆಡುಕನಿಂದ ಕಾಪಾಡು ಅಂತ ಕೇಳಿದ.

ಮಾರ್ಚ್ ಮುಗಿಯುವ ಹೊತ್ತಿಗೆ ಪುಟ್ಟಿ ರಾತ್ರಿ ಏಳುವುದು ಕಡಿಮೆ ಆಯಿತು. ಹಾಸಿಗೆ ಒದ್ದೆ ಆಗುವುದು ನಿಲ್ಲಲು ಇನ್ನೂ ಸ್ವಲ್ಪ ದಿನ ಹಿಡಿಯಿತು. ಮೇ ತಿಂಗಳಲ್ಲಿ ವಿ.ಬಿ.ಎಸ್. (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ನಡೆಯುತ್ತಿದ್ದಾಗ ಅಮ್ಮ ಒಬ್ಬರೇ ಬಂದರು. ಹಿಂದಿನ ಸಂಜೆ ಅವರು ಚಪಾತಿ ಹಿಟ್ಟು ನಾದುತ್ತಿದ್ದರಂತೆ. ಪುಟ್ಟಿ ಬಂದು ಸೆರಗು ಹಿಡಿದು, ‘ಅಮ್ಮಾ, ಅಳಲ್ಲ ಅಂದ್ರೆ ಒಂದು ಹೇಳ್ತೀನಿ’ ಅಂದಳಂತೆ. ಪಕ್ಕದ ಮನೆಯ ಹುಡುಗಿಯ ಹತ್ತಿರ ಒಂದು ಸಿನಿಮಾ ಹಾಡಿನ ಡ್ಯಾನ್ಸ್ ಕಲಿತಿದ್ದಳು.

‘ಎದೆ ಹೊಡ್ಕೊಳ್ತಿತ್ತು ಮೇಡಂ. ಆದ್ರೂ ಆಮೇಲೆ ಅಂದೆ. ಅಲ್ಲೇ ಅಡುಗೆಮನೇಲಿ ಪೂರ್ತಿ ಕುಣಿದು ತೋರಿಸಿದ್ಳು. ಇವರು ಬಂದು ಬಾಗಿಲಲ್ಲಿ ನಿಂತಿದ್ರು. ಏನೂ ಅನ್ಲಿಲ್ಲ.’

ಸ್ವಲ್ಪ ತಡೆದು, ‘ಈಗ ಈ ಡ್ಯಾನ್ಸಿಗೆ ಏನು ಮಾಡೋದು ಮೇಡಂ?’ ಅಂತ ಕೇಳಿದರು.

ಮುಂದಿನ ಶನಿವಾರ ಅವರನ್ನೂ ಕರಕೊಂಡು ಬನ್ನಿ, ಮೂವರೂ ಕೂತು ಮಾತಾಡೋಣ ಅಂದೆ.