ಹಂಪಿಯನ್ನು ಈ ಸಲ ಬಿಟ್ಟುಬಿಡಿ

ಮೂವತ್ತು ಜನ ಹಳೆಯ ವಿದ್ಯಾರ್ಥಿಗಳು, ಅರ್ಧದಷ್ಟು ಮಂದಿ ಅರವತ್ತು ದಾಟಿದವರು, ಶನಿವಾರ-ಭಾನುವಾರದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಜೊತೆಗೆ ಹಂಪಿಯೂ ಆದೀತೇ ಎಂದು ಕೇಳಿದ್ದೀರಿ. ಆಗುತ್ತದೆ, ಬಸ್ಸಿನ ಕಿಟಕಿಯಿಂದ! ಹಂಪಿಗೆ ಬೇರೆಯೇ ಒಂದು ವಾರಾಂತ್ಯ ಬೇಕು.

ಶನಿವಾರ ಬಾದಾಮಿಯಲ್ಲೇ ಇರಿ. ಬೆಳಿಗ್ಗೆ ಬಿಸಿಲೇರುವ ಮುನ್ನ ಗುಹೆಗಳನ್ನು ಹತ್ತಿ. ಮಂಡಿನೋವಿನವರು ಮೂರನೆಯ ಗುಹೆಯನ್ನಾದರೂ ತಪ್ಪಿಸಬಾರದು. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಬರೆಸಿದ ಕ್ರಿ.ಶ. 578ರ ಶಾಸನ ಅಲ್ಲಿದೆ. ತಿಂಡಿಯ ಪೊಟ್ಟಣ ಕೈಯಲ್ಲಿದ್ದರೆ ಕೋತಿಗಳು ನಿಮಗಿಂತ ಮೊದಲು ಅದನ್ನು ಬಿಚ್ಚುತ್ತವೆ. ಸಂಜೆಯನ್ನು ಭೂತನಾಥ ಗುಡಿಗೆ ಮೀಸಲಿಡಿ. ಇಳಿಬಿಸಿಲು ಬಿದ್ದಾಗ ಕೆಂಗಲ್ಲು ಹೊಳೆಯುವುದನ್ನು ನೋಡುತ್ತ ಕೆರೆಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತುಕೊಳ್ಳಿ.

ಭಾನುವಾರ ಮೊದಲು ಐಹೊಳೆ. ಮೇಗುತಿ ಗುಡ್ಡವನ್ನು ಹತ್ತಬಲ್ಲವರು ಹತ್ತಲಿ. ರವಿಕೀರ್ತಿ ಬರೆದ 634ರ ಶಾಸನ ಜಿನಾಲಯದ ಗೋಡೆಯಲ್ಲಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ಕವಿ ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ, ಸಂಕೋಚವೇ ಇಲ್ಲ! ನಿಮ್ಮ ಗುಂಪಿನಲ್ಲಿ ನಿವೃತ್ತ ಕನ್ನಡ ಪ್ರಾಧ್ಯಾಪಕರಿದ್ದರೆ ಎರಡು ಸಾಲು ಓದಿಸಿ. ಬಾಡಿಗೆ ಗೈಡ್ ಹೇಳುವ ಕಥೆಗಿಂತ ಅದು ಮೇಲು.

ಊಟದ ನಂತರ ಪಟ್ಟದಕಲ್ಲು. ಅಲ್ಲಿ ನೆಲ ಸಮತಟ್ಟು, ಹಿರಿಯರಿಗೆ ಹಿತ. ಲೋಕಮಹಾದೇವಿ ತನ್ನ ಗಂಡ ಎರಡನೆಯ ವಿಕ್ರಮಾದಿತ್ಯನ ಕಂಚಿ ವಿಜಯದ ನೆನಪಿಗೆ ಕಟ್ಟಿಸಿದ ವಿರೂಪಾಕ್ಷ ಗುಡಿಗೆ ಒಂದು ಗಂಟೆಯಾದರೂ ಕೊಡಿ. ಊಟಕ್ಕೆ ಮುಂಚಿತವಾಗಿಯೇ ಖಾನಾವಳಿಗೆ ಫೋನ್ ಮಾಡಿ. ಮೂವತ್ತು ಜನರಿಗೆ ಜೋಳದ ರೊಟ್ಟಿ ಬಡಿಯುವುದೆಂದರೆ ಹುಡುಗಾಟವಲ್ಲ.