ಪಾಸ್ಟರ್ ಅವರ ರೈಲು ಬಿಚ್ಚುವ ಮುಂಚೆ

ಅಮೆರಿಕದ ಅಯೋವಾ ರಾಜ್ಯದ ನಿಮ್ಮ ಊರಿನ ಲೂಥರನ್ ಪಾಸ್ಟರ್ ತೀರಿಕೊಂಡರು, ಮನೆಯ ನೆಲಮಾಳಿಗೆ ತುಂಬ ಅವರ ಮಾಡೆಲ್ ರೈಲಿದೆ, ಸ್ಮರಣೆ ಸಭೆಗೆ ಅದನ್ನು ತರೋದು ಹೇಗೆ ಅಂತ ಕೇಳಿದ್ದೀರಿ.

ಇಡೀ ಲೇಔಟ್ (ಹಳಿ, ಗುಡ್ಡ ಎಲ್ಲ ಸೇರಿಸಿ ಕಟ್ಟಿದ ಮಾದರಿ) ಎತ್ತೋಕೆ ಹೋಗಬೇಡಿ, ಪ್ಲಾಸ್ಟರ್ ಗುಡ್ಡಗಳು ಒಡೆದೇ ಹೋಗುತ್ತವೆ. ರೈಲು ಓಡುವಾಗ ವಿಡಿಯೋ ಮಾಡಿಕೊಳ್ಳಿ. ಸಭೆ ಆದಮೇಲೆ ಚರ್ಚ್ ಹಾಲಿನಲ್ಲಿ ಕಾಫಿ ಇರುತ್ತಲ್ವಾ, ಅಲ್ಲೇ ಒಂದು ಮೇಜಿನ ಮೇಲೆ ನೇರ ಹಳಿ, ಒಂದು ಎಂಜಿನ್, ನಾಲ್ಕೈದು ಡಬ್ಬಿ ಇಡಿ. ಎಚ್‌ಒ ಅಳತೆ (1:87, ಅಂದರೆ ನಿಜ ರೈಲಿನ 87ನೇ ಒಂದು ಭಾಗ) ಆಗಿದ್ದರೆ ನಿಜದಲ್ಲಿ 40 ಅಡಿಯ ಗೂಡ್ಸ್ ಡಬ್ಬಿ ಸುಮಾರು 14 ಸೆಂ.ಮೀ. ಬರುತ್ತದೆ, ಜಾಸ್ತಿ ಜಾಗ ಬೇಡ.

ಡಬ್ಬಿಗಳಿಗಿಂತ ಮುಖ್ಯ ಅವರ ಚೀಟಿಗಳು. ಈ ಹವ್ಯಾಸದವರಲ್ಲಿ ಅನೇಕರು ಒಂದೊಂದು ಡಬ್ಬಿಗೂ ಒಂದು ಕಾರ್ಡ್ ಇಡುತ್ತಾರೆ: ಯಾವ ಗೋದಾಮಿನಿಂದ ಯಾವ ಗಿರಣಿಗೆ, ಏನು ಸರಕು. ಅವರ ಕೈಬರಹದ್ದು ಸಿಕ್ಕರೆ ಅದನ್ನೇ ಮುಂದೆ ಇಡಿ. ಮೆಕ್ಕೆಜೋಳ ಬೆಳೆಯೋ ಊರಿನವರು ನಿಂತು ಓದುತ್ತಾರೆ.

ಮಾತಾಡುವವರಿಗೆ ಒಂದು ಕಥೆ: ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ಪೀಟರ್ ಡೆನ್ನಿ ತಮ್ಮ ಬಕಿಂಗ್‌ಹ್ಯಾಮ್ ಲೇಔಟ್‌ನಲ್ಲಿ ರೈಲುಗಳನ್ನು ತಾನಾಗೇ ನಡೆಸುವ ಯಂತ್ರ ಕಟ್ಟಿ, ಅದಕ್ಕೆ ಮಗ ಕ್ರಿಸ್ಪಿನ್‌ನ ಹೆಸರಿಟ್ಟರು. ಪಾದ್ರಿಗಳಿಗೂ ರೈಲಿಗೂ ಏನೋ ನಂಟು!

ಮಾರುವ ಯೋಚನೆ ಇದ್ದರೆ ವ್ಯಾಪಾರಿಗೆ ಸುಮ್ನೆ ಒಟ್ಟಿಗೆ ಕೊಟ್ಟುಬಿಡಬೇಡಿ. 1935ರಿಂದ ಇರುವ, ಈ ಹವ್ಯಾಸದವರ ಸಂಘವಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್‌ನ ಹತ್ತಿರದ ಸದಸ್ಯರನ್ನು ಒಮ್ಮೆ ಕರೆಸಿ ತೋರಿಸಿ. ಅದಕ್ಕೆ ಮುಂಚೆ ಪಾಸ್ಟರ್ ಅವರ ಹೆಂಡತಿಯನ್ನು ಕೇಳಿ, ಒಂದು ಎಂಜಿನ್ ಅವರಿಗೇ ಬೇಕಿರಬಹುದು.